ಸೇಂಟ್ ಮೇರೀಸ್ ದ್ವೀಪ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಯ ಎದುರಿಗೆ ಕಡಲಿನಲ್ಲಿರುವ ಈ ಜನವಸತಿಯಿಲ್ಲದ ಪುಟ್ಟ ದ್ವೀಪದ ಬಗ್ಗೆ ಮಾತುಕತೆಗಳಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬಿಟ್ಟಿದ್ದೇನೆ. ಈ ದ್ವೀಪದ ಬಗ್ಗೆ ಜನಜನಿತವಾಗಿರುವ ಎರಡು ದೊಡ್ಡ ಸಂಗತಿಗಳು, ಅಂದರೆ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನ ಕಥೆ ಮತ್ತು ಕಲ್ಲಿನ ಕಥೆ, ಎರಡೂ ಬಾಯಿಂದ ಬಾಯಿಗೆ ಹೋಗುತ್ತ ಸ್ವಲ್ಪ ಸ್ವಲ್ಪ ತಿರುಚಿಕೊಂಡಿವೆ. ಆದ್ದರಿಂದ ಉತ್ತರಗಳಲ್ಲಿ ಹೆಚ್ಚಿನ ಜಾಗವನ್ನು ಅವೇ ತೆಗೆದುಕೊಂಡಿವೆ.

## ಮೊದಲ ಪರಿಚಯ

ಸೇಂಟ್ ಮೇರೀಸ್ ಅಂದರೆ ಒಂದು ದ್ವೀಪವೋ, ನಾಲ್ಕೋ?

ನಾಲ್ಕು. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾ ಬಹಾದೂರ್ ಗಡ ಎಂಬ ನಾಲ್ಕನ್ನು ಮುಖ್ಯವಾಗಿ ಹೆಸರಿಸುತ್ತಾರೆ. ಇವುಗಳ ನಡುವೆ ಅಲೆಯ ಏರಿಳಿತದಲ್ಲಿ ತಲೆ ಎತ್ತಿ ಮುಳುಗುವ ಚಿಕ್ಕ ಬಂಡೆಗಳು ಬೇರೆ ಇವೆ. ಎಲ್ಲವೂ ಉಡುಪಿ ಜಿಲ್ಲೆಯ ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಉತ್ತರ ದಕ್ಷಿಣವಾಗಿ ಬಿಟ್ಟು ಬಿಟ್ಟು ಸಾಗುವ ಒಂದು ಸಾಲಿನಲ್ಲಿವೆ. ಪ್ರವಾಸಿಗಳು ದೋಣಿಯಲ್ಲಿ ಹೋಗಿ ಇಳಿಯುವುದು ಮತ್ತು ಚಿತ್ರಗಳಲ್ಲಿ ಕಾಣುವ ಕಲ್ಲುಕಂಬಗಳು ಇರುವುದು ತೆಂಗಿನ ದ್ವೀಪದಲ್ಲಿ. ಹಾಗಾಗಿ ಮಾತಿನಲ್ಲಿ ‘ಸೇಂಟ್ ಮೇರೀಸ್ ದ್ವೀಪ’ ಎಂದು ಏಕವಚನದಲ್ಲಿ ಹೇಳಿದಾಗ ಅದು ತೆಂಗಿನ ದ್ವೀಪವನ್ನೇ ಸೂಚಿಸುತ್ತದೆ. ಮುಂದಿನ ಉತ್ತರಗಳಲ್ಲಿಯೂ, ಬೇರೆ ಹೇಳದಿದ್ದರೆ, ದ್ವೀಪ ಎಂದರೆ ಇದೇ.

ಅದು ಎಷ್ಟು ದೊಡ್ಡದು? ಒಂದು ಕಡೆ 24 ಹೆಕ್ಟೇರ್ ಅಂತ ಓದಿದೆ.

ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅತಿ ಹೆಚ್ಚಿನ ಅಗಲ ಸುಮಾರು 100 ಮೀಟರ್ ಎಂದು ಬರೆದು, ಅದೇ ವಾಕ್ಯದಲ್ಲಿ ವಿಸ್ತೀರ್ಣ 24 ಹೆಕ್ಟೇರ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಶಾಲೆಯ ಗುಣಾಕಾರವೇ ಇದನ್ನು ಒಪ್ಪುವುದಿಲ್ಲ. 500 ಮೀಟರ್ ಉದ್ದ, 100 ಮೀಟರ್ ಅಗಲದ ಪೂರ್ಣ ಆಯತ ಹಾಕಿದರೂ 50,000 ಚದರ ಮೀಟರ್, ಅಂದರೆ 5 ಹೆಕ್ಟೇರ್ ಮಾತ್ರ ಆಗುತ್ತದೆ. ದ್ವೀಪ ಆಯತಾಕಾರವಾಗಿಲ್ಲವಾದ್ದರಿಂದ ಅದಕ್ಕಿಂತಲೂ ಕಡಿಮೆ. ಎರಡು ಅಂಕಿಗಳೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ ಎಂಬುದನ್ನು ಗಮನಿಸದೆ ಒಬ್ಬರಿಂದ ಒಬ್ಬರು ನಕಲು ಮಾಡುತ್ತ ಬಂದಿದ್ದಾರೆ. ಕಾಲ್ನಡಿಗೆಯಲ್ಲಿ ಕೆಲವೇ ನಿಮಿಷಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಬಹುದಾದ ಜಾಗ ಎಂದು ತಿಳಿದರೆ ಸಾಕು. ಎತ್ತರವೂ ಹಾಗೆಯೇ: ಅತಿ ಎತ್ತರದ ಭಾಗ ಸಮುದ್ರಮಟ್ಟದಿಂದ ಸುಮಾರು 10 ಮೀಟರ್ ಮಾತ್ರ.

ದಡದಿಂದ ಅಷ್ಟು ಹತ್ತಿರ ಇದ್ದರೂ ಅಲ್ಲಿ ಯಾರೂ ಯಾಕೆ ವಾಸ ಮಾಡಲ್ಲ?

ಮುಖ್ಯ ಕಾರಣ ನೀರು. ಇಷ್ಟು ಕಿರಿದಾದ ಕಲ್ಲಿನ ದ್ವೀಪದಲ್ಲಿ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುವಷ್ಟು ಆಳವಾದ ಮಣ್ಣು ಇಲ್ಲ. ಸುರಿದ ನೀರು ಕಂಬಗಳ ನಡುವಿನ ಬಿರುಕುಗಳ ಮೂಲಕ ಕಡಲಿಗೆ ಇಳಿದು ಹೋಗುತ್ತದೆ. ಸಿಹಿನೀರಿಲ್ಲದ ಕಡೆ ಬೇಸಾಯವಿಲ್ಲ, ಬೇಸಾಯವಿಲ್ಲದ ಕಡೆ ಊರಿಲ್ಲ. ಇದಕ್ಕೆ ಮಳೆಗಾಲವೂ ಸೇರುತ್ತದೆ. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ದೋಣಿ ಸಂಪರ್ಕ ಕಡಿದುಹೋಗುವ, ತಗ್ಗಿನ ಭಾಗಗಳನ್ನು ಅಲೆಗಳು ತೊಳೆಯುವ ಈ ಜಾಗದಲ್ಲಿ ಮನೆ ಕಟ್ಟಬೇಕೆಂದು ದಡದ ಮೀನುಗಾರರಿಗೆ ಅನಿಸಲು ಕಾರಣವೂ ಇರಲಿಲ್ಲ. ಅವರ ಮನೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿಯೇ ಇವೆ. ಇಂದು ಅಲ್ಲಿ ಖಾಯಂ ಇರುವುದು ತೆಂಗಿನ ಮರಗಳು, ಪೊದೆಗಳು ಮತ್ತು ಹಕ್ಕಿಗಳು: ಬೆಳ್ಳಕ್ಕಿ, ಕಡಲಕಾಗೆ, ಗರುಡ, ಮತ್ತು ಸಹಜವಾಗಿಯೇ ಊರ ಕಾಗೆ.

ಮಳೆಗಾಲದಲ್ಲಿ ಹೋಗಬಹುದಾ?

ಇಲ್ಲ. ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಯಾವ ದಿನ ಮತ್ತೆ ಶುರುವಾಗುತ್ತದೆ ಎಂಬುದು ಆ ವರ್ಷದ ಕಡಲಿನ ಸ್ಥಿತಿಯ ಮೇಲೆ ನಿಂತಿರುತ್ತದೆ. ಬೇಸಿಗೆಯಲ್ಲಿ ಶಾಂತವಾಗಿ ಕಾಣುವ ದಿನವೂ ಅಲ್ಲಿ ಈಜಲು ಇಳಿಯುವುದು ಅಪಾಯ. ಕಂಬಗಳ ತುದಿಗಳು ನೀರಿನೊಳಗೂ ಮೆಟ್ಟಿಲುಗಳಂತೆ ಮುಂದುವರಿಯುತ್ತವೆ, ಪಾಚಿ ಕಟ್ಟಿದ ಕಲ್ಲು ವಿಪರೀತ ಜಾರುತ್ತದೆ, ಮತ್ತು ಸೆಳೆತ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ.

ಕಡಲತೀರದಲ್ಲಿ ಮರಳೇ ಇಲ್ಲ, ಬರೀ ಚಿಪ್ಪು. ಯಾಕೆ?

ಮಲ್ಪೆಯ ದಡದ ಮರಳು ಪಶ್ಚಿಮ ಘಟ್ಟದಿಂದ ಇಳಿದು ಬರುವ ನದಿಗಳು ತಂದು ಸುರಿದದ್ದು, ಅಲೆಗಳು ದಡದುದ್ದಕ್ಕೂ ಹರಡಿದ್ದು. ದ್ವೀಪದಲ್ಲಿ ನದಿಯಿಲ್ಲ. ಅದರ ಗಟ್ಟಿ ಜ್ವಾಲಾಮುಖಿ ಶಿಲೆಯೂ ಬೇಗ ಸವೆದು ಮರಳಾಗುವ ಜಾತಿಯದಲ್ಲ. ಹೀಗಾಗಿ ಅಲೆಗಳಿಗೆ ಅಲ್ಲಿ ಹೇರಳವಾಗಿ ಸಿಗುವ ಸಾಮಗ್ರಿ ಎಂದರೆ ಬಂಡೆಗಳಿಗೆ ಅಂಟಿಕೊಂಡು ಬದುಕಿ ಸತ್ತ ಜೀವಿಗಳ ಚಿಪ್ಪುಗಳೇ. ಬಂಡೆಗಳ ಮರೆಯ ಚಿಕ್ಕ ಕೊಲ್ಲಿಗಳಲ್ಲಿ ಅವು ಒಡೆದು, ನುರಿದು, ಪದರ ಪದರವಾಗಿ ಕೂಡಿಕೊಳ್ಳುತ್ತವೆ.

ನೇತ್ರಾಣಿ, ಅಂಜದೀವ್ ಎಲ್ಲಾ ಇದೇನಾ?

ಅಲ್ಲ. ನೇತ್ರಾಣಿ ಉತ್ತರ ಕನ್ನಡ ಜಿಲ್ಲೆಯಲ್ಲಿ, ಮುರ್ಡೇಶ್ವರದ ಎದುರಿನ ಕಡಲಲ್ಲಿದೆ. ಅಂಜದೀವ್ ಅಥವಾ ಅಂಜದೀಪ ಕಾರವಾರದ ಸಮೀಪದ್ದು, ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. ಅಂಜದೀವಿನ ಹೆಸರು ಗಾಮನ ಕಥೆಯಲ್ಲಿ ಬರುವುದರಿಂದ ಗೊಂದಲವಾಗುತ್ತದೆ. ಅದನ್ನು ಕೆಳಗೆ ನೋಡಬಹುದು.

## ಹೆಸರು ಮತ್ತು ಇತಿಹಾಸ

ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಲ್ಲೇ ಅಂತಾರಲ್ಲ, ನಿಜವೇ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪಾಗಿ ಉತ್ತರಿಸಲ್ಪಡುವುದೂ ಇದೇ. ಗಾಮ 1498ರಲ್ಲಿ ಪೋರ್ಚುಗಲ್‌ನಿಂದ ಬರುವಾಗ ದಾರಿಯಲ್ಲಿ ಈ ದ್ವೀಪಕ್ಕೆ ಇಳಿದು, ಶಿಲುಬೆ ನೆಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದ ಎಂಬುದು ಪ್ರಚಲಿತ ಕಥೆ. ಆ ಯಾನದಲ್ಲಿ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಉಳಿದುಬಂದಿದೆ, ಮತ್ತು ಅದರ ಕ್ರಮ ಇದಕ್ಕೆ ತದ್ವಿರುದ್ಧ. ಆಫ್ರಿಕಾದ ಮಾಲಿಂದಿಯಿಂದ ಹೊರಟ ಹಡಗುಗಳು ಅರಬ್ಬೀ ಸಮುದ್ರವನ್ನು ದಾಟಿ 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಅಲ್ಲಿಯ ಅರಸ ಸಾಮೂದಿರಿಯೊಂದಿಗಿನ ವ್ಯವಹಾರ ಹಳಸಿ, ಆಗಸ್ಟ್ 29ರಂದು ಅವು ಅಲ್ಲಿಂದ ಹೊರಟವು. ದಡದಿಂದ ಸುಮಾರು ಎರಡು ಲೀಗ್ (ಅಂದಿನ ದೂರದ ಅಳತೆ) ದೂರದ ಪುಟ್ಟ ದ್ವೀಪಗಳ ಬಳಿ ಬಂದದ್ದು ಇದಾದ ಮೇಲೆ, ಸೆಪ್ಟೆಂಬರ್ 15ರ ಶನಿವಾರ. ಅಂದರೆ ಗಾಮ ಈ ದ್ವೀಪವನ್ನು ಕಂಡದ್ದು ಬರುವಾಗ ಅಲ್ಲ, ಮರಳಿ ಹೋಗುವಾಗ.

ಅಂದು ನಡೆದದ್ದನ್ನು ದಿನಚರಿಕಾರ ಚಿಕ್ಕದಾಗಿಯಾದರೂ ಕಣ್ಣಿಗೆ ಕಟ್ಟುವಂತೆ ಹೇಳಿದ್ದಾನೆ. ಹಲವು ದೋಣಿಗಳು ಮೀನು ಹೊತ್ತು ಹಡಗುಗಳ ಬಳಿಗೆ ಬಂದವು, ಗಾಮ ಆ ಜನರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿದ, ದ್ವೀಪದ ಮೇಲೆ ಒಂದು ಕಂಬ ನೆಟ್ಟರೆ ಆಗಬಹುದೇ ಎಂದು ಕೇಳಿದ, ಅವರು ಒಪ್ಪಿದರು. ಪೋರ್ಚುಗಲ್‌ನ ಅರಸ ಕೊಟ್ಟು ಕಳುಹಿಸಿದ ಮೂರು ಕಂಬಗಳಲ್ಲಿ ಸಂತ ರಫಾಯೆಲನ ಹೆಸರಿನದು ಆಫ್ರಿಕಾದಲ್ಲಿ, ಸಂತ ಗೇಬ್ರಿಯೆಲನದು ಕಲ್ಲಿಕೋಟೆಯಲ್ಲಿ ಉಳಿದಿದ್ದವು. ಮೂರನೆಯದು ಸಾಂತಾ ಮರಿಯಾ. ದ್ವೀಪಕ್ಕೆ ಹೆಸರು ಬಂದದ್ದು ಆ ಕಂಬದಿಂದ. ಒಪ್ಪಿಗೆ ಕೊಟ್ಟ ದೋಣಿಯವರನ್ನೂ ತಮ್ಮಂತೆಯೇ ಕ್ರೈಸ್ತರೆಂದು ದಿನಚರಿಕಾರ ತಿಳಿದಿದ್ದ ಎಂಬುದು ಇಲ್ಲಿಯ ತಮಾಷೆ. ಮೂರು ತಿಂಗಳು ಮಲಬಾರಿನಲ್ಲಿ ಕಳೆದ ಮೇಲೂ ಆ ಯಾತ್ರಿಗಳಿಗೆ ಹಿಂದೂಗಳೆಂಬ ಬೇರೆ ಜನರಿದ್ದಾರೆಂಬುದು ಹೊಳೆದಿರಲಿಲ್ಲ. ದೋಣಿಯವರಿಗೆ ಆ ಪ್ರಶ್ನೆ ಎಷ್ಟು ಅರ್ಥವಾಗಿತ್ತು, ಯಾವ ಭಾಷೆಯಲ್ಲಿ ಅವರು ಹೂಂಗುಟ್ಟಿದರು ಎಂಬುದನ್ನು ನಾವು ಊಹಿಸಿಕೊಳ್ಳಬೇಕು.

ಊರಿಗೆ ಮರಳುವವನು ಪಶ್ಚಿಮಕ್ಕೆ ಹೋಗಬೇಕಲ್ಲ, ಮಲ್ಪೆ ಕಡೆ ಯಾಕೆ ಬಂದ?

ಗಾಳಿಯ ಕಾರಣದಿಂದ. ಅರಬ್ಬೀ ಸಮುದ್ರದಲ್ಲಿ ಹಾಯಿ ಹಡಗು ಬೇಸಿಗೆಯ ಕೊನೆಗೆ ನೈಋತ್ಯದ ಗಾಳಿ ಹಿಡಿದು ಆಫ್ರಿಕಾದಿಂದ ಇತ್ತ ಬರಬಹುದು. ಅತ್ತ ಹೋಗಬೇಕಾದರೆ ಈಶಾನ್ಯದ ಗಾಳಿ ನೆಲೆಗೊಳ್ಳುವ ಚಳಿಗಾಲದವರೆಗೆ ಕಾಯಬೇಕು. ಈ ಲೆಕ್ಕ ಅರಬ್ಬರಿಗೂ ಗುಜರಾತಿನ ನಾವಿಕರಿಗೂ ನಮ್ಮ ಬಂದರುಗಳ ವ್ಯಾಪಾರಿಗಳಿಗೂ ಶತಮಾನಗಳಿಂದ ಗೊತ್ತಿತ್ತು. ಗಾಮ ಕಾಯಲಿಲ್ಲ. ಆಗಸ್ಟ್ ಕೊನೆಗೆ ಹೊರಟ ಅವನ ಹಡಗುಗಳು ನೆಲದ ಗಾಳಿ, ಕಡಲ ಗಾಳಿಗಳ ಸಣ್ಣ ಉಸಿರನ್ನು ನಂಬಿ ದಡಕ್ಕೆ ಆತುಕೊಂಡೇ ಉತ್ತರಕ್ಕೆ ತೆವಳಿದವು. ಕಲ್ಲಿಕೋಟೆಯಿಂದ ಮಲ್ಪೆಯ ಎದುರಿಗೆ ಬರಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ಮುಂದೆ ಅಂಜದೀವಿನಲ್ಲಿ ಹಡಗುಗಳ ತಳ ಶುಚಿ ಮಾಡಿ, ನೀರು ತುಂಬಿಸಿಕೊಂಡು, ಅಕ್ಟೋಬರ್ 5ರಂದು ತೆರೆದ ಕಡಲಿಗೆ ಇಳಿದರು. ಗಾಳಿ ಇನ್ನೂ ತಿರುಗಿರಲಿಲ್ಲ. ಆಫ್ರಿಕಾದ ದಡ ಕಾಣಲು ಸುಮಾರು ಮೂರು ತಿಂಗಳು ಹಿಡಿದು, ವಸಡು ಊದಿ ಕೊಳೆಯುವ ಸ್ಕರ್ವಿ ರೋಗದಿಂದ ಆ ಒಂದು ದಾಟಿನಲ್ಲಿಯೇ ಸುಮಾರು 30 ಮಂದಿ ಸತ್ತರು. ಈ ದ್ವೀಪದ ಹೆಸರು ಒಂದು ಅವಸರದ ಪ್ರಯಾಣದ ಗುರುತು ಎಂದು ನನಗೆ ಅನ್ನಿಸುವುದು ಇದಕ್ಕಾಗಿ. ಗಾಮ ಗಾಳಿಗೆ ಕಾದಿದ್ದರೆ ನೇರವಾಗಿ ಪಶ್ಚಿಮಕ್ಕೆ ಹೋಗುತ್ತಿದ್ದ, ಇದನ್ನು ನೋಡುತ್ತಲೇ ಇರಲಿಲ್ಲ.

ಅವನು ನೆಟ್ಟ ಕಂಬ ಈಗ ಎಲ್ಲಿದೆ? ಅಲ್ಲಿ ಹೋದಾಗ ನಮಗೆ ಕಾಣಲಿಲ್ಲ.

ಅಲ್ಲಿ ಇಲ್ಲ. ಪೋರ್ಚುಗೀಸರು ‘ಪದ್ರಾವ್’ ಎನ್ನುತ್ತಿದ್ದ ಇಂತಹ ಕಂಬಗಳು ತಮ್ಮ ನಾಡಿನಿಂದಲೇ ಹಡಗಿನಲ್ಲಿ ತಂದ ಕಲ್ಲಿನವು. ತಲೆಯ ಮೇಲೆ ಶಿಲುಬೆ, ಮೈಮೇಲೆ ರಾಜಲಾಂಛನ ಇರುತ್ತಿತ್ತು. ‘ಇಲ್ಲಿಗೆ ನಾವು ಬಂದಿದ್ದೆವು’ ಎಂದು ಮುಂದೆ ಬರುವ ತಮ್ಮದೇ ಹಡಗುಗಳಿಗೂ ಯುರೋಪಿನ ಎದುರಾಳಿಗಳಿಗೂ ತೋರಿಸುವ ಗುರುತು ಅದು. ದ್ವೀಪದಲ್ಲಿ ಇಂದು ಕಾಣುವ ಕಂಬಗಳು ಪ್ರಕೃತಿ ನಿಲ್ಲಿಸಿದವು ಮಾತ್ರ.

ಆಗ ಈ ದ್ವೀಪ ಯಾರ ರಾಜ್ಯದಲ್ಲಿತ್ತು?

1498ರಲ್ಲಿ ಈ ಕರಾವಳಿ ವಿಜಯನಗರಕ್ಕೆ ಒಳಪಟ್ಟಿತ್ತು; ಸಾಮ್ರಾಜ್ಯದ ಪ್ರಾಂತ್ಯಗಳಲ್ಲೊಂದಾದ ಬಾರಕೂರು ರಾಜ್ಯದ ಕೇಂದ್ರ ದ್ವೀಪದಿಂದ ದೂರವೇನೂ ಅಲ್ಲ. ಗಾಮ ಕಂಬ ನೆಡಲು ಅನುಮತಿ ಕೇಳಿದ್ದು ಬಾರಕೂರಿನ ಅಧಿಕಾರಿಯನ್ನಲ್ಲ, ಮೀನಿನ ದೋಣಿಯವರನ್ನು. ಆಮೇಲೆ ಕೆಳದಿಯ ನಾಯಕರು, 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿ, ಟಿಪ್ಪು, 1799ರಿಂದ ಇಂಗ್ಲಿಷರು ಎಂಬ ಕ್ರಮದಲ್ಲಿ ದಡದ ಜೊತೆಗೆ ದ್ವೀಪವೂ ಕೈ ಬದಲಿಸಿತು. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸದಾಗಿ ರಚನೆಯಾದ ಉಡುಪಿ ಜಿಲ್ಲೆಗೆ ಸೇರಿತು.

ಗಾಮ ಬರುವ ಮೊದಲು ಇದಕ್ಕೆ ಹೆಸರೇ ಇರಲಿಲ್ಲವಾ?

ದಿನಾಲೂ ಕಡಲಿಗೆ ಹೋಗುವವರು ಕಣ್ಣೆದುರಿನ ಬಂಡೆಗೆ ಹೆಸರಿಡದೆ ಇರುವುದಿಲ್ಲ. ‘ತೋನ್ಸೆಪಾರ್’ ಎಂಬ ಹೆಸರು ಸ್ಥಳೀಯರಲ್ಲಿ ಇಂದಿಗೂ ಇದೆ. ತೋನ್ಸೆ ಎಂಬುದು ಎದುರಿನ ದಡದ ಊರು. ಎರಡನೆಯ ಭಾಗವನ್ನು ತುಳುವಿನ ‘ಪಾದೆ’, ಮಲಯಾಳದ ‘ಪಾರ’, ತಮಿಳಿನ ‘ಪಾರೈ’ ಎಂಬ ಪದಗಳ ಪಕ್ಕದಲ್ಲಿಟ್ಟು ನೋಡಬಹುದು. ಮೂರೂ ಬಂಡೆ ಎಂಬ ಅರ್ಥದವು. ತೋನ್ಸೆಯ ಬಂಡೆ ಎಂಬ ಈ ಹೆಸರು ಜಾಗದ ದಿಕ್ಕನ್ನೂ ಸ್ವರೂಪವನ್ನೂ ಒಂದೇ ಪದದಲ್ಲಿ ಹೇಳುತ್ತದೆ. ನಕ್ಷೆಗಳಿಗೆ ಮಾತ್ರ ಪೋರ್ಚುಗೀಸರ ಹೆಸರು ಇಂಗ್ಲಿಷಿನ ವೇಷ ಹಾಕಿಕೊಂಡು ಸೇರಿಕೊಂಡಿತು.

ಕೋಟೆ ಇದೆ ಅಂತ ಕೇಳಿದ್ದೆ, ಅದು ಯಾವ ದ್ವೀಪದಲ್ಲಿ?

ಮಲ್ಪೆ ಬಂದರಿಗೆ ಹತ್ತಿರವಿರುವ ದರಿಯಾ ಬಹಾದೂರ್ ಗಡದಲ್ಲಿ. ಹೆಸರಿನ ‘ಗಡ’ ಎಂದರೆ ಕೋಟೆ, ‘ದರಿಯಾ’ ಎಂದರೆ ಕಡಲು. ಬಿದನೂರಿನ ಬಸಪ್ಪ ನಾಯಕನ ಕಾಲದ್ದೆಂದು ಹೇಳುವ ಈ ಕೋಟೆಯ ಅವಶೇಷಗಳಷ್ಟೇ ಉಳಿದಿವೆ. ಬಂದರಿನ ಬಾಯಿಗೆ ಕಾವಲಾಗಿ ನಿಲ್ಲುವ ಜಾಗವಾದ್ದರಿಂದ ಕೋಟೆಗೆ ಅದು ಸೂಕ್ತವಾಗಿತ್ತು. ದೂರದ, ತಗ್ಗಿನ ತೆಂಗಿನ ದ್ವೀಪ ಸೂಕ್ತವಾಗಿರಲಿಲ್ಲ.

## ಕಲ್ಲಿನ ವಿಷಯ

ಇಷ್ಟು ಅಚ್ಚುಕಟ್ಟಾದ ಕಂಬಗಳನ್ನು ಯಾರೂ ಕೆತ್ತಿಲ್ಲ ಅಂದರೆ ನಂಬೋದು ಹೇಗೆ?

ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳವನ್ನು ನೋಡಿದವರಿಗೆ ಇದು ಅರ್ಧ ಅರ್ಥವಾದಂತೆಯೇ. ನೀರು ಆರಿದ ಕೆಸರು ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ, ಬಿರುಕುಗಳು ಕೂಡಿ ಬಹುಭುಜಗಳ ಜಾಲವಾಗುತ್ತದೆ. ಲಾವಾ ಕುಗ್ಗುವುದು ನೀರು ಆರುವುದರಿಂದಲ್ಲ, ಬಿಸಿ ಆರುವುದರಿಂದ. ದಪ್ಪನೆಯ ಲಾವಾ ಹಾಸು ಒಂದೆಡೆ ನಿಂತು ಗಟ್ಟಿಯಾದಾಗ ಮೊದಲು ತಣಿಯುವುದು ಗಾಳಿಗೆ ತೆರೆದ ಮೇಲ್ಮೈ ಮತ್ತು ನೆಲಕ್ಕೆ ತಾಗಿದ ತಳ. ಅಲ್ಲಿ ಮೂಡಿದ ಬಿರುಕುಗಳು, ಒಳಭಾಗ ತಣಿಯುತ್ತ ಹೋದಂತೆ, ತಣಿಯುವ ಮೇಲ್ಮೈಗೆ ಲಂಬವಾಗಿ ಒಳಗೆ ಸಾಗುತ್ತವೆ. ಕೆರೆಯ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಲಾವಾದ ಬಿರುಕು ಹಲವು ಮೀಟರ್ ಇಳಿಯುತ್ತದೆ. ಎರಡು ಬಿರುಕುಗಳ ನಡುವೆ ಉಳಿದದ್ದೇ ಕಂಬ. ತೆಂಗಿನ ದ್ವೀಪದ ಅತಿ ಎತ್ತರದ ಕಂಬ ಸುಮಾರು 6 ಮೀಟರ್ ಇದೆ.

ಬಿರುಕು ಒಂದೇ ಏಟಿಗೆ ಇಳಿಯುವುದಿಲ್ಲ. ಸ್ವಲ್ಪ ಸೀಳಿ, ಒಳಗಿನ ಇನ್ನೂ ಮೆತ್ತಗಿರುವ ಬಿಸಿ ಭಾಗ ಮುಟ್ಟಿ ನಿಂತು, ಅದು ತಣಿದ ಮೇಲೆ ಮತ್ತೆ ಸ್ವಲ್ಪ ಸೀಳುತ್ತದೆ. ಹೀಗೆ ಉಂಟಾದ ಕಂಬಗಳ ಮೈಮೇಲೆ, ಸವೆತದಲ್ಲಿ ಅಳಿಸಿಹೋಗದಿದ್ದರೆ, ಉಳಿಯೇಟಿನಂತೆ ಕಾಣುವ ಅಡ್ಡ ಪಟ್ಟಿಗಳು ಉಳಿಯುತ್ತವೆ. ಕೆತ್ತಿದ್ದಾರೆಂಬ ಅನುಮಾನ ಹುಟ್ಟಿಸುವ ಗುರುತೇ ಕೆತ್ತಿಲ್ಲವೆಂಬುದಕ್ಕೂ ಸಾಕ್ಷಿ.

ಎಲ್ಲಾ ಕಂಬಕ್ಕೂ ಆರೇ ಮುಖ ಇರುತ್ತಾ?

ಇಲ್ಲ. ಐದು, ಆರು, ಏಳು ಮುಖಗಳವು ಒಂದರ ಪಕ್ಕದಲ್ಲೊಂದು ನಿಂತಿವೆ. ಒಂದೇ ರೀತಿಯಾಗಿ ಕುಗ್ಗುವ ಹಾಸಿನಲ್ಲಿ ಅತಿ ಕಡಿಮೆ ಬಿರುಕಿನಿಂದ ಅತಿ ಹೆಚ್ಚು ಬಿಗಿತ ಸಡಿಲಿಸುವ ದಾರಿ ಎಂದರೆ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡುವುದು, ಮತ್ತು ಆ ಕೋನ ಎಲ್ಲೆಡೆ ಸಿದ್ಧಿಸಿದರೆ ಷಟ್ಕೋನಗಳೇ ಆಗುತ್ತವೆ. ನಿಜವಾದ ಲಾವಾ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ, ಒಂದೇ ವೇಗದಲ್ಲಿ ತಣಿಯುವುದೂ ಇಲ್ಲ. ನಿಧಾನವಾಗಿ ತಣಿದ ಕಡೆ ಕಂಬ ದಪ್ಪ, ಬೇಗ ತಣಿದ ಕಡೆ ತೆಳು. ತಳದ ನೆಲ ಓರೆಯಿದ್ದ ಕಡೆ ಕಂಬವೂ ಓರೆ.

ಇದು ಬಸಾಲ್ಟ್ ಅಲ್ವಾ? ನಮಗೆ ಹಾಗೇ ಹೇಳಿಕೊಟ್ಟಿದ್ದರು.

ಸೂಚನಾ ಫಲಕಗಳಿಂದ ಪ್ರವಾಸಿ ಪುಸ್ತಿಕೆಗಳವರೆಗೆ ಬಸಾಲ್ಟ್ ಎಂಬ ಪದ ಅಂಟಿಕೊಂಡಿದೆ, ಏಕೆಂದರೆ ಜಗತ್ತಿನ ಹೆಸರಾಂತ ಕಲ್ಲುಕಂಬಗಳು ಬಹುಮಟ್ಟಿಗೆ ಬಸಾಲ್ಟಿನವು: ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ, ಮುಂಬಯಿಯ ಅಂಧೇರಿಯ ಗಿಲ್ಬರ್ಟ್ ಹಿಲ್. ಸೇಂಟ್ ಮೇರೀಸ್‌ನ ಶಿಲೆ ಮುಖ್ಯವಾಗಿ ರೈಯೋಲೈಟ್ ಮತ್ತು ಡೇಸೈಟ್ ಗುಂಪಿನದು. ಬಸಾಲ್ಟಿನಲ್ಲಿ ಸಿಲಿಕಾದ (ಮರಳಿನ ಮುಖ್ಯ ಅಂಶ) ಪಾಲು ಶೇ. 45ರಿಂದ 52ರಷ್ಟು, ಈ ಗುಂಪಿನಲ್ಲಿ ಅದು ಶೇ. 63ಕ್ಕಿಂತ ಹೆಚ್ಚು. ಸಿಲಿಕಾ ಹೆಚ್ಚಾದಷ್ಟೂ ಲಾವಾ ಮಂದವಾಗುತ್ತದೆ. ಬಸಾಲ್ಟ್ ಎಣ್ಣೆಯಂತೆ ಹರಿದರೆ ಇದು ಬೆಲ್ಲದ ಪಾಕದಂತೆ ತೆವಳುತ್ತದೆ. ಕಡಲ ಗಾಳಿಗೆ ಹೊರಮೈ ಕಡುಬಣ್ಣಕ್ಕೆ ತಿರುಗಿರುವುದರಿಂದ ದೂರಕ್ಕೆ ಬಸಾಲ್ಟಿನಂತೆಯೇ ಕಾಣುತ್ತದೆ ಎಂಬುದು ನಿಜ.

ಇದು ಬರೀ ಹೆಸರಿನ ಜಗಳವಲ್ಲ. ಭೂಮಿಯ ಆಳದ ಮ್ಯಾಂಟಲ್ ಕರಗಿದರೆ ನೇರವಾಗಿ ಸಿಗುವುದು ಬಸಾಲ್ಟ್ ಬಗೆಯ ದ್ರವ. ಸಿಲಿಕಾ ಹೆಚ್ಚಿರುವ ಲಾವಾ ಬರಬೇಕಾದರೆ ಆ ದ್ರವ ದಾರಿಯಲ್ಲಿ ತಂಗಿ, ಅದರಿಂದ ಭಾರದ ಖನಿಜಗಳು ಹರಳುಗಟ್ಟಿ ಬೇರ್ಪಟ್ಟಿರಬೇಕು. ಇಲ್ಲವೇ ಅದರ ಬಿಸಿಗೆ ಮೇಲಿನ ಹಳೆಯ ಭೂಖಂಡದ ಶಿಲೆಯೇ ಕರಗಿ ಸೇರಿರಬೇಕು. ಹೀಗಾಗಿ ಶಿಲೆಯ ಸರಿಯಾದ ಹೆಸರಿನಲ್ಲಿ ಅದು ಮೇಲಕ್ಕೆ ಬಂದ ದಾರಿಯ ಸುಳಿವೂ ಇದೆ.

ಜ್ವಾಲಾಮುಖಿಯ ಬಾಯಿ ಎಲ್ಲಿದೆ? ಮತ್ತೆ ಸಿಡಿದರೆ?

ಸಿಡಿಯುವುದಿಲ್ಲ. ಆ ಲಾವಾಕ್ಕೆ ಕಾರಣವಾದ ಸನ್ನಿವೇಶ ಕೋಟ್ಯಂತರ ವರ್ಷಗಳ ಹಿಂದೆಯೇ ಮುಗಿದಿದೆ. ಇಂದು ಕಾಣುವುದು ಸವೆದು ಉಳಿದ ಚೂರು. ಬೆಟ್ಟ, ಬಾಯಿ ಇತ್ಯಾದಿ ಆಕಾರಗಳನ್ನು ಅಲ್ಲಿ ಹುಡುಕುವುದು ವ್ಯರ್ಥ.

## ಇನ್ನೂ ಆಳಕ್ಕೆ ಹೋಗುವವರಿಗೆ

ಡೆಕ್ಕನ್ ಟ್ರ್ಯಾಪ್‌ನ ಲಾವಾನೇ ಇಲ್ಲಿಯವರೆಗೆ ಹರಿದು ಬಂದಿತ್ತಾ?

ಇಲ್ಲ. ಮಹಾರಾಷ್ಟ್ರವನ್ನೂ ನಮ್ಮ ಉತ್ತರದ ಜಿಲ್ಲೆಗಳನ್ನೂ ಹೊದಿಸಿರುವ ಡೆಕ್ಕನ್ ಟ್ರ್ಯಾಪ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು, ಮತ್ತು ಬಹುಪಾಲು ಬಸಾಲ್ಟ್. ಸೇಂಟ್ ಮೇರೀಸ್‌ನ ಲಾವಾ ಅದಕ್ಕಿಂತ ಸುಮಾರು 2 ಕೋಟಿ ವರ್ಷ ಹಳೆಯದು. ಅವೆರಡರ ನಡುವಿನ ಅಂತರವೇ ಹಿಮಾಲಯದ ವಯಸ್ಸಿನ ಅರ್ಧದಷ್ಟಕ್ಕೆ ಹತ್ತಿರ ಬರುತ್ತದೆ.

ಮಡಗಾಸ್ಕರ್ ನಮಗೆ ಅಂಟಿಕೊಂಡಿತ್ತು ಅನ್ನೋದಕ್ಕೆ ಈ ದ್ವೀಪ ಸಾಕ್ಷಿ ಹೇಗೆ?

ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನ ಎಂಬ ಮಹಾಖಂಡ ಒಡೆದು ಬೇರೆಯಾದ ಮೇಲೂ ಭಾರತ, ಸೀಶೆಲ್ಸ್ ಮತ್ತು ಮಡಗಾಸ್ಕರ್ ಬಹುಕಾಲ ಒಂದೇ ತುಂಡಾಗಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಡಲು ತೊಡಗಿದಾಗ ಆ ದ್ವೀಪದಾದ್ಯಂತ ಭಾರಿ ಪ್ರಮಾಣದಲ್ಲಿ ಲಾವಾ ಉಕ್ಕಿತು. ಇಂದು ಮಡಗಾಸ್ಕರ್‌ನ ದಕ್ಷಿಣಕ್ಕೆ ಸಾಗರದಲ್ಲಿರುವ ಮರಿಯನ್ ಎಂಬ ಉಷ್ಣಕೇಂದ್ರಕ್ಕೆ, ಅಂದರೆ ಭೂಮಿಯ ಆಳದಿಂದ ಬಿಸಿ ಮೇಲೇಳುವ ಜಾಗಕ್ಕೆ, ಇದನ್ನು ಜೋಡಿಸುತ್ತಾರೆ. ಮಡಗಾಸ್ಕರ್‌ನ ಪೂರ್ವ ಅಂಚು ಮತ್ತು ನಮ್ಮ ಪಶ್ಚಿಮ ಕರಾವಳಿ ಒಂದೇ ಸೀಳಿನ ಎರಡು ಬದಿಗಳಾದರೆ, ಆ ಕಾಲದ ಬೆಂಕಿಯ ಗುರುತು ಈ ಬದಿಯಲ್ಲಿಯೂ ಸಿಗಬೇಕು. ಸಿಕ್ಕಿರುವುದು ಬಹಳ ಕಡಿಮೆ: ಕೇರಳ, ಕರ್ನಾಟಕಗಳಲ್ಲಿ ಹಳೆಯ ಶಿಲೆಗಳನ್ನು ಸೀಳಿ ನುಗ್ಗಿ ಗೋಡೆಯಂತೆ ಗಟ್ಟಿಯಾದ ಕೆಲವು ಶಿಲಾಪಟ್ಟಿಗಳು (ಡೈಕ್‌ಗಳು), ಮತ್ತು ಮಲ್ಪೆಯ ಎದುರಿನ ಈ ದ್ವೀಪಗಳು. ಅದಕ್ಕೇ ಇಷ್ಟು ಪುಟ್ಟ ಬಂಡೆಸಾಲಿಗೆ ಭೂವಿಜ್ಞಾನಿಗಳು ಇಷ್ಟೊಂದು ಬೆಲೆ ಕೊಡುತ್ತಾರೆ.

ವಯಸ್ಸೊಂದೇ ಆಧಾರವಲ್ಲ. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ, ಮತ್ತು ಆ ದಿಕ್ಕಿನ ಇಳಿಜಾರಿನಿಂದ ಶಿಲೆ ಹುಟ್ಟಿದ ಅಕ್ಷಾಂಶವನ್ನು ಲೆಕ್ಕಹಾಕಬಹುದು. ಇಂದು ಉತ್ತರಕ್ಕೆ 13 ಡಿಗ್ರಿಯಲ್ಲಿರುವ ಈ ಕಲ್ಲು ಹುಟ್ಟಿದಾಗ ಭೂಮಧ್ಯರೇಖೆಯಿಂದ ಬಹುದೂರ ದಕ್ಷಿಣದಲ್ಲಿತ್ತು. ಅಂದಿನ ಭಾರತವನ್ನೂ ಮಡಗಾಸ್ಕರನ್ನೂ ಪಕ್ಕಪಕ್ಕದಲ್ಲಿ ಕೂರಿಸಿದರೆ ಎರಡೂ ಕಡೆಯ ಕಾಂತದ ದಿಕ್ಕುಗಳು ಹೊಂದಿಕೊಳ್ಳುತ್ತವೆ.

ಒಬ್ಬರು 8.5 ಕೋಟಿ ವರ್ಷ ಅಂತಾರೆ, ಇನ್ನೊಬ್ಬರು 9.3 ಅಂತಾರೆ. ಯಾವುದು ಸರಿ?

ಇವು ಶಿಲೆಯ ವಯಸ್ಸು ಅಳೆಯುವ ಬೇರೆ ಬೇರೆ ವಿಧಾನಗಳ, ಅಂದರೆ ಬೇರೆ ಬೇರೆ ಗಡಿಯಾರಗಳ ಓದು. ಹಳೆಯ ಪೊಟ್ಯಾಸಿಯಂ-ಆರ್ಗಾನ್ ವಿಧಾನ ಸುಮಾರು 9.3 ಕೋಟಿ ಎಂದಿತು; 2000ದ ಸುಮಾರಿಗೆ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಜರ್ಕಾನ್ ಹರಳುಗಳ ಯುರೇನಿಯಂ-ಸೀಸ ವಿಧಾನ ಸುಮಾರು 9.1 ಕೋಟಿಯನ್ನೂ, ಸುಧಾರಿತ ಆರ್ಗಾನ್ ವಿಧಾನ ಸುಮಾರು 8.6 ಕೋಟಿಯನ್ನೂ ಕೊಟ್ಟವು. ಜರ್ಕಾನ್ ಅತಿ ಬಿಸಿಯಲ್ಲಿಯೂ ತನ್ನ ಗಡಿಯಾರವನ್ನು ಕಾಪಾಡಿಕೊಳ್ಳುತ್ತದೆ. ಆರ್ಗಾನ್ ಅನಿಲವಾದ್ದರಿಂದ ಶಿಲೆ ಮುಂದೆ ಬಿಸಿಯಾದರೆ ಅಥವಾ ಹವೆಗೆ ಮಾರ್ಪಟ್ಟರೆ ಸೋರಿಹೋಗುತ್ತದೆ. ಪ್ರವಾಸಿ ಬರಹಗಳಲ್ಲಿ ಕಾಣುವ 8.8 ಕೋಟಿ ಈ ವ್ಯಾಪ್ತಿಯ ನಡುವೆ ಬೀಳುತ್ತದೆ. ‘ಸುಮಾರು 9 ಕೋಟಿ’ ಎಂದರೆ ಯಾರೂ ಆಕ್ಷೇಪಿಸಲಾರರು.

ಹಾಗಾದರೆ ಈ ದ್ವೀಪದ ವಯಸ್ಸೂ 9 ಕೋಟಿ ವರ್ಷ ತಾನೇ?

ಕಲ್ಲಿನ ವಯಸ್ಸು ಬೇರೆ, ದ್ವೀಪದ ವಯಸ್ಸು ಬೇರೆ. ಕಲ್ಲು ಹುಟ್ಟಿದಾಗ ಅದರ ಸುತ್ತ ಕಡಲಿರಲಿಲ್ಲ. ನಮಗೆ ಹತ್ತಿರದ ಕಾಲಕ್ಕೆ ಬಂದರೂ, ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉಚ್ಛ್ರಾಯದಲ್ಲಿದ್ದಾಗ ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಉಡುಪಿಯ ಎದುರಿನ ಕಡಲತಳ ಬಹಳ ನಿಧಾನವಾಗಿ ಇಳಿಯುವಂಥದ್ದಾದ್ದರಿಂದ ಅಂದಿನ ದಡ ಎಷ್ಟೋ ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿತ್ತು, ಮತ್ತು ಇಂದಿನ ದ್ವೀಪಗಳು ಬಯಲಿನಲ್ಲಿ ನಿಂತ ಚಿಕ್ಕ ಕಲ್ಲುಗುಡ್ಡಗಳಾಗಿದ್ದವು. ಹಿಮ ಕರಗಿ ಕಡಲು ಏರಿ, ಸುಮಾರು 7,000 ವರ್ಷಗಳಿಂದ ಈಚೆಗೆ ಇಂದಿನ ಮಟ್ಟದ ಆಸುಪಾಸಿಗೆ ಬಂದು ನಿಂತಿತು. ನೀರಿನಿಂದ ಸುತ್ತುವರಿದ ನೆಲ ಎಂಬ ಅರ್ಥದ ದ್ವೀಪವಾಗಿ ಸೇಂಟ್ ಮೇರೀಸ್ ಹರಪ್ಪದ ನಗರಗಳಿಗಿಂತ ಕೆಲವು ಸಾವಿರ ವರ್ಷ ಹಿರಿಯದು, ಅಷ್ಟೇ.

ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂದರೆ ಕಾನೂನಿನ ರಕ್ಷಣೆ ಇದೆ ಅಂತ ಅರ್ಥವಾ?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿರುವ ಸ್ಮಾರಕಗಳಲ್ಲಿ ಕರ್ನಾಟಕದವು ನಾಲ್ಕು: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ಮತ್ತು ಸೇಂಟ್ ಮೇರೀಸ್‌ನ ಕಲ್ಲುಕಂಬಗಳು. ಈ ಗುರುತಿಸುವಿಕೆ ಮೂಲತಃ ವೈಜ್ಞಾನಿಕ ಮಾನ್ಯತೆ; ಪುರಾತತ್ವ ಸ್ಮಾರಕಗಳಿಗೆ 1958ರ ಕಾಯ್ದೆ ಕೊಡುವಂತಹ ಕಾವಲು ಇದರೊಂದಿಗೆ ತಾನಾಗಿ ಬರುವುದಿಲ್ಲ. ಭೂಪರಂಪರೆಯ ತಾಣಗಳಿಗೆಂದೇ ಪ್ರತ್ಯೇಕ ಕಾನೂನಿನ ಕರಡನ್ನು ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಪ್ರಕಟಿಸಿತು. ದ್ವೀಪದಲ್ಲಿ ಕಟ್ಟಡ ಕಟ್ಟುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಹೇಗೂ ಅಡ್ಡ ಬರುತ್ತವೆ.

ನೆನಪಿಗೆ ಒಂದು ಚೂರು ಕಲ್ಲು, ನಾಲ್ಕು ಚಿಪ್ಪು ತಂದರೆ ಏನು ಮಹಾ ನಷ್ಟ?

ಚಿಪ್ಪುಗಳು ಮತ್ತೆ ಹುಟ್ಟುತ್ತವೆ, ನಿಧಾನವಾಗಿಯಾದರೂ. ಆದರೆ ಅಲ್ಲಿಯ ತೀರವೇ ಚಿಪ್ಪಿನದು; ದೋಣಿ ತುಂಬ ಬರುವವರೆಲ್ಲರೂ ನಾಲ್ಕು ನಾಲ್ಕು ಒಯ್ದರೆ ತೀರವನ್ನೇ ಕಂತಿನಲ್ಲಿ ಸಾಗಿಸಿದಂತೆ. ಕಲ್ಲಿನ ಲೆಕ್ಕ ಬೇರೆ. ಕಂಬದ ಅಂಚು ಒಡೆದರೆ ಅದನ್ನು ಮತ್ತೆ ಮಾಡಿಕೊಡಲು ಲಾವಾ ಇಲ್ಲ. ಇಷ್ಟಾಗಿಯೂ ಚೂರನ್ನು ಮನೆಗೆ ತಂದವರಿಗೆ ಕೈಯಲ್ಲಿ ಉಳಿಯುವುದು ಒಂದು ಸಾಧಾರಣ ಕಪ್ಪುಕಲ್ಲು. ಅದರ ಆಕಾರ ಕಾಣುವುದು ಪಕ್ಕದ ಕಂಬಕ್ಕೆ ಒತ್ತಿಕೊಂಡು ನಿಂತಿದ್ದಾಗ ಮಾತ್ರ.